ಬಾಗಿಲು ತೆಗೆಯದ ನಾಲ್ಕು ನಿಮಿಷ

ನನ್ನ ಮೈದುನನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಅದು ಹಾಜರಿ ಪುಸ್ತಕ ಬಿಟ್ಟು ಆಚೆ ಬಂದದ್ದನ್ನು ನಾನು ಕಂಡಿಲ್ಲ. ಎಲ್ಲರೂ ಅವನನ್ನು ಕರೆಯುವುದು ಮೆಟ್ಟಿಲು ಜೋಯಿಸ ಎಂದು. ಜಾತಕ ನೋಡಲು ಬಾರದು, ಕೈ ನೋಡಲೂ ಬಾರದು. ಸಿನಿಮಾ ಮುಗಿಸಿ ಹೊರಗೆ ಬರುವ ಜನರ ಕಾಲು ನೋಡಿ, ಆ ಸಿನಿಮಾ ಎಷ್ಟು ದಿನ ಓಡುತ್ತದೆ ಎಂದು ಹೇಳುತ್ತಾನೆ. ಅಷ್ಟೇ ಅವನ ಜ್ಯೋತಿಷ್ಯ.

ಅವನು ನಮ್ಮ ಟಾಕೀಸಿನ ಗೇಟ್‌ಕೀಪರ್. ಆಟ ಶುರುವಾಗುವಾಗ ಮುಂಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಾನೆ, ಮುಗಿಯುವಾಗ ಪರದೆಯ ಬಲಗಡೆ ಇರುವ ಪಕ್ಕದ ಬಾಗಿಲು ತೆಗೆಯುತ್ತಾನೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಆ ಪಕ್ಕದ ಬಾಗಿಲಿಗೆ ಎರಡು ರೆಕ್ಕೆ, ಮುಂದೆ ದಪ್ಪ ಕಪ್ಪು ಬಟ್ಟೆಯ ತೆರೆ. ಮೇಲೊಂದು ಅಗುಳಿ, ಕೆಳಗೊಂದು ಅಗುಳಿ. ಕೆಳಗಿನದು ನೆಲದ ತೂತಿಗೆ ಇಳಿಯುತ್ತದೆ. ಬಾಗಿಲಾಚೆ ಏಳು ಮೆಟ್ಟಿಲು, ಅದರ ಕೆಳಗೆ ಓಣಿ.

ಕೊನೆಯ ಪದ್ಯವೋ ಕೊನೆಯ ಹೊಡೆದಾಟವೋ ಮುಗಿದು ವಾದ್ಯ ನಿಂತಿತು ಎಂದರೆ ಅವನು ಬಗ್ಗಿ ಕೆಳಗಿನ ಅಗುಳಿ ಎತ್ತುತ್ತಾನೆ, ಆಮೇಲೆ ಮೇಲಿನದು. ತೆರೆಯನ್ನು ಹೆಗಲಿನಿಂದ ಸರಿಸಿ ಬಾಗಿಲು ತೆಗೆಯುತ್ತಾನೆ. ಮೇಲೆ ಗೂಡಿನಲ್ಲಿರುವ ಆಪರೇಟರ್ ಗೋಡೆಯ ಮೇಲೆ ಹೊರಗಿನ ಬೆಳಕಿನ ಪಟ್ಟಿ ಬಿದ್ದದ್ದು ಕಂಡ ಕೂಡಲೇ ಮೆಷಿನ್ ನಿಲ್ಲಿಸಿ ದೀಪ ಹಾಕುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹತ್ತೊಂಬತ್ತು ವರ್ಷ ಈ ಕೆಲಸವನ್ನು ಕೂಡಿ ಮಾಡಿದ್ದಾರೆ.

ಬಾಗಿಲು ತೆಗೆದ ಮೇಲೆ ಅವನು ಕೆಳಗಿನ ಮೆಟ್ಟಿಲ ಪಕ್ಕ ನಿಂತು ನೋಡುತ್ತಾನೆ. ಹೊರಬಂದವರು ಮೆಟ್ಟಿಲ ಮೇಲೆ ನಿಂತರೆ ಸಿನಿಮಾನೂ ನಿಲ್ಲುತ್ತದೆ. ನಿಲ್ಲದೆ ಇಳಿದು ಹೋದರೆ ಸಿನಿಮಾನೂ ಇಳಿದು ಹೋಗುತ್ತದೆ. ಟಾಕೀಸಿನ ಒಡೆಯರು, ದೊಡ್ಡ ಯಜಮಾನರು, ತಾವೇ ನೋಡಿಕೊಳ್ಳುತ್ತಿದ್ದಷ್ಟು ದಿನ ಪ್ರತಿ ಶುಕ್ರವಾರ ಮೊದಲ ಆಟ ಮುಗಿದೊಡನೆ ಬಂದು, "ಏನಪ್ಪಾ, ಮೆಟ್ಟಿಲು ಏನನ್ನುತ್ತೆ?" ಎಂದು ಕೇಳುತ್ತಿದ್ದರು. ಇವನು "ನಿಲ್ಲುತ್ತೆ" ಅಥವಾ "ಇಲ್ಲ ಬುದ್ಧಿ" ಎನ್ನುತ್ತಿದ್ದ. ಆ ಮಾತು ಸುಳ್ಳಾದದ್ದು ನನಗೆ ನೆನಪಿಲ್ಲ.

ನನ್ನ ಗಂಡ ಅದೇ ಟಾಕೀಸಿನಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಮೈದುನ, ನನ್ನ ಓರಗಿತ್ತಿ, ನಾನು, ಮೂವರೂ ಟಾಕೀಸಿನ ಹಿಂದಿನ ಎರಡು ಕೋಣೆಯಲ್ಲಿ ಇದ್ದೇವೆ. ಓರಗಿತ್ತಿ ಕಡಲೆಕಾಯಿ ಹುರಿದು ಕಾಗದದ ಪೊಟ್ಟಣ ಕಟ್ಟಿ ಇಂಟರ್ವಲ್‌ನಲ್ಲಿ ಮಾರುತ್ತಾಳೆ. ಅವಳು ಮಾರಿದ್ದರ ಸಿಪ್ಪೆಯನ್ನು ನಾನು ಗುಡಿಸುತ್ತೇನೆ. ಹೀಗಾಗಿ ಸಿನಿಮಾ ಹೇಗಿದೆ ಎಂದು ಮೈದುನ ಮೆಟ್ಟಿಲಿಂದ ತಿಳಿದರೆ ನಾನು ನೆಲದಿಂದ ತಿಳಿಯುತ್ತೇನೆ. ನಗಿಸುವ ಸಿನಿಮಾ ಆದರೆ ಸಿಪ್ಪೆ ದೂರ ದೂರ ಚೆಲ್ಲಿರುತ್ತದೆ. ಅಳಿಸುವ ಸಿನಿಮಾ ಆದರೆ ಕಾಲ ಬುಡದಲ್ಲೇ ಸಣ್ಣ ಗುಡ್ಡೆ. ಬೇಸರದ ಸಿನಿಮಾ ಆದರೆ ಸಿಪ್ಪೆಯನ್ನು ಉಗುರಲ್ಲಿ ಮುರಿದು ಮುರಿದು ಪುಡಿ ಮಾಡಿರುತ್ತಾರೆ.

ದೊಡ್ಡ ಯಜಮಾನರಿಗೆ ವಯಸ್ಸಾಗಿ, ಹೋದ ವರ್ಷ ಅವರ ಅಳಿಯ ಟಾಕೀಸು ನೋಡಿಕೊಳ್ಳಲು ಬಂದರು. ಓದಿದವರು, ಶರಟಿನ ಜೇಬಿನಲ್ಲಿ ಎರಡು ಪೆನ್ನು. ಮೆಟ್ಟಿಲ ಮಾತು ಕೇಳಿ ಮೊದಲ ದಿನವೇ ನಕ್ಕಿದ್ದರು.

ಅಂಥ ಕಾಲದಲ್ಲಿ ಈ ಸಿನಿಮಾ ಬಂತು.

ಕಥೆ ಹೀಗೆ. ಒಬ್ಬನ ಮನೆ ಬಿದ್ದು ಹೋಗುತ್ತದೆ, ಬಾಗಿಲೊಂದು ಉಳಿಯುತ್ತದೆ. ಅದನ್ನು ಚೌಕಟ್ಟಿನ ಸಮೇತ ಬೆನ್ನ ಮೇಲೆ ಹೊತ್ತು, ಅದಕ್ಕೆ ಸರಿಯಾದ ಗೋಡೆ ಹುಡುಕುತ್ತಾ ಹೋಗುತ್ತಾನೆ. ಸುಸ್ತಾದಾಗ ನಿಲ್ಲಿಸುತ್ತಾನೆ. ಬಯಲಲ್ಲಿ ಬರಿ ಬಾಗಿಲು ನಿಂತಿದ್ದರೂ ಜನ ಸುತ್ತಿ ಹೋಗುವುದಿಲ್ಲ, ಚಪ್ಪಲಿ ಬಿಟ್ಟು ತಟ್ಟುತ್ತಾರೆ. ಆಫೀಸಿನವನೊಬ್ಬ ಬಂದು ಮನೆ ನಂಬರು ಬರೆದು ಹೋಗುತ್ತಾನೆ. ಎರಡು ಕಡೆ ಕೂತ ಇಬ್ಬರು, ಒಳಗಿರುವುದು ನಾನು, ನೀನು ಹೊರಗಿನವನು ಎಂದು ಜಗಳವಾಡುತ್ತಾರೆ. ಕಳ್ಳನೊಬ್ಬ ಬೆವರು ಸುರಿಸಿ ಬೀಗ ಮುರಿದು ಆಚೆ ಹೋಗಿ ನೋಡಿದರೆ ಅಲ್ಲೂ ಅದೇ ಬಯಲು. ಕೊನೆಗೆ ಆ ಮನುಷ್ಯ ಬಾಗಿಲನ್ನು ಒಂದು ಬಯಲಲ್ಲಿ ನಿಲ್ಲಿಸಿ, ತೆಗೆದು ಆ ಕಡೆ ಹೋಗಿ, ಮುಚ್ಚಿಕೊಳ್ಳುತ್ತಾನೆ. ವಾದ್ಯ ನಿಲ್ಲುತ್ತದೆ. ಪರದೆಯ ತುಂಬ ಮುಚ್ಚಿದ ಬಾಗಿಲು.

ಶುಕ್ರವಾರ ಮೊದಲ ಆಟಕ್ಕೆ ಅರವತ್ತೊಂದು ಜನ ಬಂದಿದ್ದರು. ವಾದ್ಯ ನಿಂತಿತು, ಮೈದುನ ಬಾಗಿಲು ತೆಗೆದ, ದೀಪ ಬಂತು. ನಾನು ಪೊರಕೆ ಹಿಡಿದು ಮೆಟ್ಟಿಲ ಬಳಿಯೇ ಇದ್ದೆ. ಅಂಥ ಇಳಿಯುವಿಕೆಯನ್ನು ನಾನು ಹಿಂದೆ ನೋಡಿರಲಿಲ್ಲ. ಅರ್ಧ ಜನ ಒಳಗೆ ಬೆಂಕಿ ಬಿದ್ದಂತೆ ಓಣಿಗಿಳಿದು ಹೋದರು. ಇನ್ನರ್ಧ ಜನ ಮೆಟ್ಟಿಲ ಮೇಲೆ ನಿಂತು ವಾದಕ್ಕಿಳಿದರು.

ಮೂಲೆ ಅಂಗಡಿಯ ದರ್ಜಿ ಎಲ್ಲರಿಗಿಂತ ಜೋರು. "ಬಾಗಿಲು ಹೊತ್ಕೊಂಡು ತಿರುಗೋದನ್ನ ನೋಡೋಕೆ ಟಿಕೆಟ್ ಬೇಕಾ? ನಮ್ಮ ಓಣಿ ಬಡಗಿ ದಿನಾ ಹೊರ್ತಾನೆ, ಬಿಟ್ಟಿ ನೋಡ್ಬಹುದು."

ಶಾಲೆಯ ಮೇಷ್ಟ್ರು ಕನ್ನಡಕ ಒರೆಸುತ್ತಾ ಹೇಳಿದರು, "ಅದು ಬಾಗಿಲಲ್ಲ ಕಣಯ್ಯ. ಆ ಬಾಗಿಲು ಅಂದ್ರೆ ನಾವೇ."

"ನೀವಿರಬಹುದು ಮೇಷ್ಟ್ರೇ. ನಾನಂತೂ ಬಾಗಿಲಲ್ಲ."

"ಮತ್ತೆ ಕಳ್ಳ ಬಂದಾಗ ಯಾಕೆ ಅಷ್ಟು ನಕ್ಕೆ?"

"ನಕ್ಕಿದ್ದು ನಿಜ. ನಗಿಸಿದ್ದಕ್ಕೆ ಬೈತಿಲ್ಲ. ಕೊನೇಲಿ ಏನೂ ಹೇಳ್ದೆ ಬಾಗಿಲು ಮುಚ್ಕೊಂಡ್ನಲ್ಲ, ಅದಕ್ಕೆ ಬೈತಿರೋದು. ಊಟಕ್ಕೆ ಕರೆದು ಎಲೆ ಹಾಕಿ ಕೈತೊಳ್ಕೊಳ್ಳಿ ಅಂದಂಗಾಯ್ತು."

ಕ್ಷೌರದವನು ನಡುವೆ ಬಾಯಿ ಹಾಕಿದ. "ನಾನು ಮೂರು ಸಲ ನಕ್ಕೆ, ಒಂದ್ಸಲ ಅಳು ಬಂದಂಗಾಯ್ತು. ಯಾಕೆ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ."

ಒಳಗೆ ಹೋಗಿ ಗುಡಿಸಿದರೆ ನೆಲದ್ದೂ ಅದೇ ಜಗಳ. ಏಳನೇ ಸೀಟಿನ ಕೆಳಗೆ ಪುಡಿಪುಡಿ ಸಿಪ್ಪೆ. ಎಂಟನೇ ಸೀಟಿನ ಕೆಳಗೆ ಸುಲಿಯದ ಇಡೀ ಕಡಲೆಕಾಯಿ ಹನ್ನೆರಡು. ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತು ಕೈಯಿಂದ ಬೀಳಿಸಿದ್ದಾರೆ. ಒಂದೇ ಸಾಲು, ಪಕ್ಕಪಕ್ಕದ ಸೀಟು, ಗಂಡ ಹೆಂಡಿರೇ ಇರಬೇಕು.

ಅಳಿಯ ಯಜಮಾನರು ಬಂದರು. "ಏನು ಜೋಯಿಸರೇ, ಈ ಸಲ ಮೆಟ್ಟಿಲಿಗೂ ತಲೆ ಕೆಟ್ಟಿತಾ?"

ಮೈದುನ ಸ್ವಲ್ಪ ಹೊತ್ತು ಮೆಟ್ಟಿಲನ್ನೇ ನೋಡಿದ. "ನಿಲ್ಲುತ್ತೆ ಸಾರ್," ಎಂದ.

"ಅರ್ಧ ಜನ ಓಡಿ ಹೋದ್ರಲ್ರೀ."

"ಉಳಿದರ್ಧ ಇನ್ನೂ ಅಲ್ಲೇ ಇದ್ದಾರಲ್ಲ ಸಾರ್. ಮನೆಗೇ ಹೋಗಿಲ್ಲ."

ಯಜಮಾನರು ಪೆನ್ನು ತೆಗೆದು ಮತ್ತೆ ಜೇಬಿಗೇ ಹಾಕಿದರು. "ಸರಿ. ನಿಮ್ಮ ಶಾಸ್ತ್ರದಲ್ಲೇ ನೋಡೋಣ. ಭಾನುವಾರ ಮಧ್ಯಾಹ್ನದ ಆಟಕ್ಕೆ ಆ ಮೆಟ್ಟಿಲ ಹತ್ರ ನಾನೇ ನಿಲ್ತೀನಿ. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಂತ್ರೆ ಸಿನಿಮಾ ಇರುತ್ತೆ, ನೀವೂ ಗೇಟಲ್ಲಿ ಇರ್ತೀರಿ. ಇಲ್ದಿದ್ರೆ ಸೋಮವಾರದಿಂದ ಬೇರೆ ಸಿನಿಮಾ, ನೀವು ಸೈಕಲ್ ಸ್ಟ್ಯಾಂಡ್ ನೋಡ್ಕೊಳ್ಳಿ. ಗೇಟಿಗೆ ಬೇರೆಯವರನ್ನ ನೋಡಿದ್ದೀನಿ."

ಸೈಕಲ್ ಸ್ಟ್ಯಾಂಡ್ ಎಂದರೆ ಟಾಕೀಸಿನ ಹಿತ್ತಲು. ಅಲ್ಲಿಂದ ಪರದೆಯೂ ಕಾಣುವುದಿಲ್ಲ, ಮೆಟ್ಟಿಲೂ ಕಾಣುವುದಿಲ್ಲ. ಮೈದುನ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಓರಗಿತ್ತಿ ಬಾಣಲೆಯ ಮರಳಲ್ಲಿ ಕಡಲೆಕಾಯಿ ತಿರುವುತ್ತಾ ಮಾತು ಶುರು ಮಾಡಿದಳು.

"ಇಲ್ಲ ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು ರೀ? ಅವರಿಗೂ ಅದೇ ಬೇಕಿತ್ತು."

"ಕಾಲು ನಿಂತಿತ್ತು ಕಣೇ. ನಿಂತದ್ದನ್ನ ಓಡಿಹೋಯ್ತು ಅಂತ ಹೇಗೆ ಹೇಳಲಿ?"

"ನೋಡಿ ಅಕ್ಕ, ನಿಮ್ಮ ಮೈದುನನ್ನ. ಮನೇಲಿ ಉಪ್ಪು ಮುಗಿದಿದೆ ಅಂದ್ರೆ ಕಾಣಲ್ಲ, ಊರವರ ಕಾಲು ಕಾಣುತ್ತೆ."

ನಾನು ಮಧ್ಯೆ ಹೋಗಲಿಲ್ಲ. ಇಡೀ ಕಡಲೆಕಾಯಿಯ ವಿಷಯ ಮಾತ್ರ ಹೇಳಿದೆ. ಮೈದುನನ ಮುಖ ಸ್ವಲ್ಪ ತಿಳಿಯಾಯಿತು. ಓರಗಿತ್ತಿಯ ಮುಖ ಕೆಟ್ಟಿತು. ಅವಳು ಹುರಿದದ್ದನ್ನು ತಿನ್ನದೆ ಚೆಲ್ಲಿದ ಸಿನಿಮಾ ಅವಳಿಗೆ ಹೇಗೆ ಒಳ್ಳೆಯದಾದೀತು.

ಶನಿವಾರ ನನಗೆ ಮಂಡಿ ನೋವು. ದಿನವೂ ಬೆಳಿಗ್ಗೆ ಆ ಅಗುಳಿ ಇಳಿಯುವ ನೆಲದ ತೂತನ್ನು ಹೇರ್‌ಪಿನ್ನಿನಿಂದ ಕೆದಕಿ ಸ್ವಚ್ಛ ಮಾಡುತ್ತೇನೆ, ಇಲ್ಲವಾದರೆ ಸಿಪ್ಪೆ ಸೇರಿಕೊಂಡು ಅಗುಳಿ ಹಿಡಿಯುತ್ತದೆ. ಆ ದಿನ ಬಗ್ಗಲಾಗದೆ ಬಿಟ್ಟೆ. ಮಧ್ಯಾಹ್ನದ ಆಟ ಮುಗಿಯುವುದಕ್ಕೆ ಮೊದಲೇ ಒಳಗೆ ಹೋಗಿ, ಕೊನೆಯ ಸಾಲಿನ ಖಾಲಿ ಸೀಟಿನಲ್ಲಿ ಕಾಲು ಚಾಚಿ ಕೂತೆ. ಬೇರೆ ದಿನ ಬಾಗಿಲು ತೆಗೆದ ಮೇಲೇ ನಾನು ಒಳಗೆ ಹೋಗುವುದು.

ಆ ಮನುಷ್ಯ ಬಾಗಿಲು ಮುಚ್ಚಿಕೊಂಡ. ವಾದ್ಯ ನಿಂತಿತು. ಮೈದುನ ಬಗ್ಗಿದ. ಅಗುಳಿ ಏಳಲಿಲ್ಲ.

ಜನ ಎದ್ದು ಬಂದು ತೆರೆಯ ಬಳಿ ಮುತ್ತಿಕೊಂಡರು. "ಏನ್ ಜೋಯಿಸ್ರೇ, ಬಾಗಿಲಿಗೂ ಸಿನಿಮಾ ಗಾಳಿ ಬಡೀತಾ?" ಎಂದು ಒಬ್ಬ ರೇಗಿಸಿದ. ಎಲ್ಲರ ಬೆನ್ನು ಪರದೆಯ ಕಡೆ, ಕಣ್ಣು ಅಗುಳಿಯ ಕಡೆ, ಆ ಗಲಾಟೆಯಲ್ಲಿ ಪರದೆಯ ಸದ್ದೂ ಅವರಿಗೆ ಕೇಳದು. ಮೇಲೆ ಆಪರೇಟರ್ ಬೆಳಕಿನ ಪಟ್ಟಿ ಬೀಳಲಿ ಎಂದು ಕಾಯುತ್ತಾ ಮೆಷಿನ್ ಓಡಿಸುತ್ತಲೇ ಇದ್ದ. ಹೀಗಾಗಿ ಪರದೆಯನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಮುಚ್ಚಿದ ಬಾಗಿಲು ಹಾಗೇ ಇತ್ತು. ಒಂದು ಗುಬ್ಬಿ ಬಂದು ಚೌಕಟ್ಟಿನ ಮೇಲೆ ಕೂತು ಹಾರಿತು. ಬಿಸಿಲು ಸರಿದು ನೆರಳು ಉದ್ದವಾಯಿತು. ಆಮೇಲೆ ಆ ಕಡೆಯಿಂದ ಯಾರೋ ಮೂರು ಸಲ ತಟ್ಟಿದರು. ಈ ಕಡೆಯಿಂದ, ನಾವು ಕೂತಿರುವ ಕಡೆಯಿಂದ, ಒಂದು ದನಿ "ಯಾರು?" ಎಂದು ಕೇಳಿತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ದನಿ, "ತೆಗೆದೇ ಇದೆ, ತಳ್ಳು," ಎಂದಿತು. ಅಷ್ಟಕ್ಕೆ ಪರದೆ ಕಪ್ಪಾಗಿ ಹೆಸರುಗಳು ಏಳತೊಡಗಿದವು. ಆ ಹೊತ್ತಿಗೆ ಮೈದುನ ಅಗುಳಿ ಕಿತ್ತು ಬಾಗಿಲು ತೆಗೆದ.

ರಾತ್ರಿಯ ಆಟವೂ ಮುಗಿದು ಮನೆಗೆ ಬಂದ ಮೇಲೆ ಹೇಳಿದಾಗ ಅವನು ನಂಬಲಿಲ್ಲ. "ವಾದ್ಯ ನಿಂತ ಮೇಲೆ ಯಾವ ಸಿನಿಮಾ ಉಳಿದಿರುತ್ತೆ ಅತ್ತಿಗೆ? ನಿಮಗೆ ಮಂಪರು ಬಂದಿರಬೇಕು."

"ಮಂಪರಿನಲ್ಲಿ ಗುಬ್ಬಿ ಕಂಡೀತು, ಸರಿ. ಇಷ್ಟು ಸರಿಯಾಗಿ ಮಾತು ಕೇಳಿಸೀತೇನಪ್ಪಾ?"

ಇಬ್ಬರೂ ಆಪರೇಟರನ ಗೂಡಿಗೆ ಹತ್ತಿದೆವು. ಅವನು ತಲೆ ಕೆರೆದುಕೊಂಡ. "ಸ್ವಲ್ಪ ಉಳಿಯುತ್ತೆ ಅಣ್ಣ, ದಿನಾ ನೋಡ್ತೀನಿ. ಖಾಲಿ ಪಟ್ಟಿ ಇರಬೇಕು ಅಂದ್ಕೊಂಡೆ. ನೀನು ಬಾಗಿಲು ತೆಗ್ದೆ ಅಂದ್ರೆ ನನ್ನ ಪಾಲಿಗೆ ಮುಗೀತು."

"ನೀನು ದೀಪ ಹಾಕ್ದೆ ಅಂದ್ರೆ ನನ್ನ ಪಾಲಿಗೆ ಮುಗೀತು," ಎಂದ ಮೈದುನ.

ಉಳಿದದ್ದನ್ನು ಓಡಿಸಿ ಗಡಿಯಾರ ಹಿಡಿದರು. ನಾಲ್ಕು ನಿಮಿಷ.

ಮೈದುನ ಗೂಡಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ನಿನ್ನೆಯಿಂದ ಬಂದವರಿಗೆಲ್ಲ ಬಾಲ ಕೊಯ್ದ ಹಸು ತೋರಿಸಿದ್ದೇನೆ ಎಂದ. ಈಗಲೇ ಹೋಗಿ ಯಜಮಾನರಿಗೆ ಹೇಳಿಬಿಡುತ್ತೇನೆ ಎಂದು ಮನೆಯಲ್ಲಿ ಶರಟು ಹಾಕಿಕೊಳ್ಳುತ್ತಿದ್ದಾಗ ಓರಗಿತ್ತಿ ಅಡ್ಡ ನಿಂತಳು.

"ಹೇಳಿ. ಇವತ್ತೇ ಸೈಕಲ್ ಸ್ಟ್ಯಾಂಡಿಗೆ ಕಳಿಸ್ತಾರೆ. ನಾಳೆ ಒಂದು ಮಧ್ಯಾಹ್ನ ಆಗ್ಲಿ. ಅಲ್ಲೀವರೆಗೆ ಬಾಯೂ ಮುಚ್ಕೊಂಡಿರಿ, ಆ ನಾಲ್ಕು ನಿಮಿಷ ಬಾಗಿಲೂ ಮುಚ್ಕೊಂಡಿರಿ."

ಅವಳ ಮಾತಿಗೆ ಅವನು ಸಾಮಾನ್ಯವಾಗಿ ಹೂಂ ಎನ್ನುವುದಿಲ್ಲ. ಆ ದಿನ ಎಂದ. ಆದರೆ ಸೋಮವಾರ ಹೇಳಿಯೇ ಹೇಳುತ್ತೇನೆ, ಸ್ಟ್ಯಾಂಡಾದರೂ ಸರಿ, ಎಂದೂ ಸೇರಿಸಿದ.

ಭಾನುವಾರ ಬೆಳಿಗ್ಗೆ ಮಂಡಿ ಊರಿ ಕೂತು ಅಗುಳಿಯ ತೂತನ್ನು ಎರಡು ಸಲ ಕೆದಕಿದೆ.

ಮಧ್ಯಾಹ್ನ ನೂರ ಇಪ್ಪತ್ತೆಂಟು ಜನ ಬಂದರು. ಎರಡು ದಿನದಿಂದ ದರ್ಜಿಯ ಅಂಗಡಿಯಲ್ಲೂ ಕ್ಷೌರದ ಅಂಗಡಿಯಲ್ಲೂ ಇದೇ ವಾದ ನಡೆದಿತ್ತಂತೆ. ಜಗಳಕ್ಕೆ ಸಾಕ್ಷಿ ಬೇಕಲ್ಲ, ಒಬ್ಬೊಬ್ಬರು ಇಬ್ಬಿಬ್ಬರನ್ನು ಕರೆತಂದಿದ್ದರು. ಮೇಷ್ಟ್ರ ಜೊತೆ ಶಾಲೆಯ ನಾಲ್ವರು. ದರ್ಜಿಯ ಜೊತೆ ಅವನ ಹೆಂಡತಿ, ಬಾಮೈದ, ಮತ್ತು ಆ ಬಾಗಿಲು ಹೊರುವ ಬಡಗಿ.

"ನೀನೇ ಹೇಳಯ್ಯ," ಎಂದು ದರ್ಜಿ ಬಡಗಿಯನ್ನು ಮುಂದೆ ದೂಡಿದ, "ಇದರಲ್ಲಿ ತತ್ವ ಏನಿದೆ ಅಂತ."

ಬಡಗಿ ಇಂಟರ್ವಲ್‌ವರೆಗೂ ತುಟಿ ಬಿಚ್ಚಲಿಲ್ಲ. ಆಮೇಲೆ ಕಡಲೆಕಾಯಿ ಕೊಳ್ಳುತ್ತಾ, "ಮರ ಚೆನ್ನಾಗಿದೆ. ಬಿಜಾಗರಿ ಸರಿಯಿಲ್ಲ," ಎಂದ.

ಕೊನೆಯ ಭಾಗ ಬಂತು. ಅಳಿಯ ಯಜಮಾನರು ಹೊರಗೆ ಮೆಟ್ಟಿಲ ಬುಡದಲ್ಲಿ ಪೆನ್ನು ಕಾಗದ ಹಿಡಿದು ನಿಂತಿದ್ದರು. ಒಳಗೆ ತೆರೆಯ ಪಕ್ಕ ಮೈದುನ, ಅವನ ಪಕ್ಕ ನಾನು. ಆ ಮನುಷ್ಯ ಬಾಗಿಲು ಮುಚ್ಚಿಕೊಂಡ, ವಾದ್ಯ ನಿಂತಿತು. ಮೈದುನನ ಸೊಂಟ ತಾನಾಗಿ ಬಗ್ಗಿತು. ನಾನು ಹಿಂದಿನಿಂದ ಅವನ ಶರಟು ಹಿಡಿದೆ. ನೆಟ್ಟಗಾದ.

ಮೊದಲ ನಿಮಿಷ ಎಲ್ಲರೂ ಪರದೆಯ ಬಾಗಿಲನ್ನೇ ನೋಡಿದರು. ಎರಡನೆಯದರಲ್ಲಿ ಸೀಟುಗಳು ಕಿರುಗುಟ್ಟಿದವು, ಏಳೆಂಟು ಜನ ಎದ್ದರು. "ಮೆಷಿನ್ ನಿಂತಿದೆ," ಎಂದರು ಯಾರೋ. "ನಿಂತಿಲ್ಲ, ಗುಬ್ಬಿ ಹಾರ್ತಲ್ಲ," ಎಂದರು ಇನ್ಯಾರೋ. ಗುಬ್ಬಿಯ ಮಾತು ಕೇಳಿ ಎದ್ದವರು ಹಾಗೇ ನಿಂತರು. ಮೂರನೆಯ ನಿಮಿಷಕ್ಕೆ ದರ್ಜಿಯ ದನಿ ಎದ್ದಿತು. "ಜೋಯಿಸ್ರೇ, ಅವನು ಬಾಗಿಲು ಮುಚ್ಕೊಂಡ ಅಂತ ನಮ್ಮನ್ನೂ ಕೂಡಿಹಾಕ್ತೀರಾ?" ಎಲ್ಲರೂ ನಕ್ಕರು. ಮೈದುನನ ಬೆರಳು ಮೇಲಿನ ಅಗುಳಿಯನ್ನು ಮುಟ್ಟಿ ಮುಟ್ಟಿ ಬಿಡುತ್ತಿತ್ತು. ಮೂವತ್ತೊಂದು ವರ್ಷ ಬಾಗಿಲು ತೆಗೆದವನಿಗೆ ತೆಗೆಯದೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವನ ಬೆರಳು ನೋಡಿದರೆ ತಿಳಿಯುತ್ತಿತ್ತು.

ಪರದೆಯ ಬಾಗಿಲ ಆಚೆಯಿಂದ ಮೂರು ಸಲ ತಟ್ಟಿದರು.

ನಕ್ಕವರೆಲ್ಲ ಪರದೆಯ ಕಡೆ ತಿರುಗಿದರು. ತಟ್ಟಿದ ಸದ್ದಿಗೆ ಮೈದುನನ ಕೈ ಅವನ ಮಾತು ಕೇಳಲಿಲ್ಲ. ನಾನು ಹಿಡಿಯುವ ಮೊದಲೇ ಕೆಳಗಿನ ಅಗುಳಿ ಎತ್ತಿ ಮೇಲಿನದನ್ನೂ ಸರಿಸಿಬಿಟ್ಟಿದ್ದ. ರೆಕ್ಕೆ ಮಾತ್ರ ಇನ್ನೂ ಮುಚ್ಚಿತ್ತು.

ಪರದೆಯ ದನಿ ಕೇಳಿತು, "ಯಾರು?"

ಹೊರಗಿದ್ದ ಯಜಮಾನರಿಗೆ ಒಳಗಿನದು ಏನು ಗೊತ್ತು. ಇಷ್ಟು ಹೊತ್ತಾದರೂ ಒಬ್ಬನೂ ಹೊರಗೆ ಬರಲಿಲ್ಲ ಎಂದು ಗಾಬರಿಯಾಗಿ ಏಳು ಮೆಟ್ಟಿಲು ಹತ್ತಿ ಬಂದಿದ್ದರು. ನಮ್ಮ ಬಾಗಿಲನ್ನು ಧಡಧಡ ಬಡಿದು, "ನಾನು ಕಣ್ರೀ. ಏನಾಯ್ತು ಒಳಗೆ?" ಎಂದರು.

ಪರದೆಯ ದನಿ ನಿಧಾನವಾಗಿ ಹೇಳಿತು, "ತೆಗೆದೇ ಇದೆ, ತಳ್ಳು."

ಯಜಮಾನರು ತಳ್ಳಿದರು. ಅಗುಳಿ ಇರಲಿಲ್ಲವಲ್ಲ, ಎರಡು ರೆಕ್ಕೆಯೂ ಒಟ್ಟಿಗೆ ಹಾರಿ, ಅವರು ಕಪ್ಪು ತೆರೆಯನ್ನು ಸುತ್ತಿಕೊಂಡು ಒಳಗೆ ಬಂದು ಬಿದ್ದರು. ಮಧ್ಯಾಹ್ನದ ಬಿಸಿಲು ಅವರ ಹಿಂದೆಯೇ ಬಂತು. ನೂರ ಇಪ್ಪತ್ತೆಂಟು ಜನ ಒಂದೇ ಬಾಯಲ್ಲಿ ನಕ್ಕದ್ದನ್ನು ನಾನು ಆ ಟಾಕೀಸಿನಲ್ಲಿ ಹಿಂದೆ ಕೇಳಿರಲಿಲ್ಲ. ದರ್ಜಿ ಸೀಟಿನ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಮೈದುನ ಯಜಮಾನರನ್ನು ತೆರೆಯಿಂದ ಬಿಡಿಸುತ್ತಾ, "ತಪ್ಪಾಯ್ತು ಸಾರ್, ತಪ್ಪಾಯ್ತು," ಎನ್ನುತ್ತಿದ್ದ.

"ಪೆನ್ನು ಎಲ್ಲಿ ಬಿತ್ತು?" ಎಂದು ಕೇಳಿದರು ಯಜಮಾನರು. ಅದನ್ನು ನಾನು ಆಮೇಲೆ ಮೂರನೇ ಸಾಲಿನ ಕೆಳಗೆ ಗುಡಿಸುವಾಗ ಹುಡುಕಿ ಕೊಟ್ಟೆ.

ಹೊರಗೆ ಬಂದ ಜನ ಇಳಿಯಲಿಲ್ಲ. ಏಳು ಮೆಟ್ಟಿಲು ಸಾಲದೆ ಓಣಿಯಲ್ಲೂ ನಿಂತರು. ಎಲ್ಲರಿಗೂ ಹಿಡಿಸಿತು ಎಂದೇನಲ್ಲ. ಮೇಷ್ಟ್ರ ಜೊತೆ ಬಂದಿದ್ದವರೊಬ್ಬರು ಇದು ಬರಿ ತಲೆಹರಟೆ ಎಂದು ಮೇಷ್ಟ್ರ ಮುಖದ ಮೇಲೆಯೇ ಹೇಳಿದರು. ಮೇಷ್ಟ್ರು ಶುಕ್ರವಾರ ಹೇಳಿದ ಅರ್ಥವನ್ನು ಬಿಟ್ಟು ಹೊಸದೊಂದನ್ನು ಹಿಡಿದಿದ್ದರು. "ಒಳಗಿರೋರು ನಾವು ಕಣಯ್ಯ. ಇಷ್ಟು ಹೊತ್ತೂ ಹೊರಗಿದ್ದೀವಿ ಅಂದ್ಕೊಂಡಿದ್ವಿ."

"ಮೊನ್ನೆ ಬಾಗಿಲು ಅಂದ್ರಿ, ಇವತ್ತು ಒಳಗಿರೋರು ಅಂತೀರಿ. ಒಂದ್ಕಡೆ ನಿಲ್ಲಿ ಮೇಷ್ಟ್ರೇ," ಎಂದ ದರ್ಜಿ. ಅವನ ಹೆಂಡತಿ ಪಕ್ಕದಿಂದ, "ನೀವು ಸುಮ್ನಿರಿ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀವೇ," ಎಂದಳು. ಬಡಗಿ ಮಾತ್ರ ನಮ್ಮ ಬಾಗಿಲ ಬಿಜಾಗರಿಯನ್ನು ಮುಟ್ಟಿ ನೋಡುತ್ತಿದ್ದ.

ಯಜಮಾನರಿಗೆ ಎಣಿಸುವ ಕೆಲಸವೇ ಉಳಿದಿರಲಿಲ್ಲ. ಮೆಟ್ಟಿಲ ಕಡೆ ಒಮ್ಮೆ, ಮೈದುನನ ಕಡೆ ಒಮ್ಮೆ ನೋಡಿ, ಶರಟಿನ ಧೂಳು ಕೊಡವಿಕೊಂಡು ಆಫೀಸಿಗೆ ಹೋದರು.

ಸೋಮವಾರ ಮೈದುನ ಹೇಳಿದಂತೆಯೇ ಹೋಗಿ ನಾಲ್ಕು ನಿಮಿಷದ ತಪ್ಪನ್ನು ಒಪ್ಪಿಕೊಂಡ. ನಾನು ಬಾಗಿಲ ಬಳಿ ಗುಡಿಸುವ ನೆಪದಲ್ಲಿ ಇದ್ದೆ. ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಂದ್ರೆ ಎರಡು ದಿನ ಬಂದೋರು ಯಾರೂ ಕೊನೆ ನೋಡಿಲ್ಲ?"

"ಇಲ್ಲ ಸಾರ್. ನಮ್ಮ ಅತ್ತಿಗೆ ಒಬ್ಬರು ನೋಡಿದ್ದಾರೆ."

"ಕೊನೆ ನೋಡದೇನೇ ಅರ್ಧ ಜನ ಮೆಟ್ಟಿಲ ಮೇಲೆ ನಿಂತಿದ್ರಾ?"

"ಹೌದು ಸಾರ್."

ಯಜಮಾನರು ಪೆನ್ನು ತೆಗೆದು, ಈ ಸಲ ಬರೆದರು. ಮಧ್ಯಾಹ್ನ ಟಾಕೀಸಿನ ಮುಂದೆ ಬೋರ್ಡು ಬಂತು. ಶುಕ್ರವಾರ, ಶನಿವಾರ ನೋಡಿದವರು ಕೊನೆಯ ಹತ್ತು ನಿಮಿಷಕ್ಕೆ ಬಂದರೆ ಟಿಕೆಟ್ ಇಲ್ಲದೆ ಬಿಡಲಾಗುವುದು ಎಂದು. ಬಾಲ ನೋಡಲು ಬಂದವರು ಜೊತೆಗೆ ಹಸು ನೋಡುವವರನ್ನೂ ಕರೆತಂದರು. ಬಾಗಿಲಲ್ಲಿ ಬಂದವರೆಲ್ಲ ಮೈದುನನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು, "ಇವತ್ತು ಯಜಮಾನ್ರು ಬೀಳ್ತಾರಾ?" ಅವರು ಬೀಳಲಿಲ್ಲ. ಆದರೆ ಎರಡು ಭಾನುವಾರ, ಯಾರೂ ಕೇಳದಿದ್ದರೂ, ಸರಿಯಾದ ಹೊತ್ತಿಗೆ ಹೊರಗಿನಿಂದ ಬಾಗಿಲು ಬಡಿದು, "ನಾನು," ಎಂದು ಹೇಳಿ ಹೋದರು. ಸಿನಿಮಾ ಹತ್ತೊಂಬತ್ತು ದಿನ ಓಡಿತು.

ಅದು ಹೋದ ಮೇಲಿನ ಶುಕ್ರವಾರ ಹೊಸ ಸಿನಿಮಾದ ಮೊದಲ ಆಟ ಮುಗಿದಾಗ ಅಳಿಯ ಯಜಮಾನರು ತಾವಾಗಿ ಮೆಟ್ಟಿಲ ಬಳಿ ಬಂದು ನಿಂತರು. "ಜೋಯಿಸರೇ, ಏನನ್ನುತ್ತೆ?"

"ಬುಧವಾರ ದಾಟಲ್ಲ ಸಾರ್."

ಮಂಗಳವಾರಕ್ಕೇ ತೆಗೆದರು. ಒಂದು ದಿನ ಹೆಚ್ಚು ಹೇಳಿದೆ ಎಂದು ಮೈದುನ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಅಗುಳಿ ಹಿಡಿದದ್ದು ಯಾಕೆ ಎಂದು ನಾನು ಮನೆಯಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟೆ. ಆವತ್ತಿನಿಂದ ಓರಗಿತ್ತಿಯದು ಒಂದೇ ಮಾತು. ಯಾರಾದರೂ ಮೈದುನನ ಶಾಸ್ತ್ರ ಹೊಗಳಿದರೆ ಸಾಕು, ಪೊಟ್ಟಣ ಕಟ್ಟುತ್ತಲೇ ತಲೆಯೆತ್ತದೆ ಹೇಳುತ್ತಾಳೆ:

"ಅವರ ಶಾಸ್ತ್ರ ಇರಲಿ. ಆವತ್ತು ಅವರ ಗೇಟು ಉಳಿಸಿದ್ದು ನನ್ನ ಕಡಲೆಕಾಯಿ ಸಿಪ್ಪೆ."